ಕಾರಿನ ಸೀಟಿಗೂ ಬಾಣಂತಿ ಹೊರಸಿಗೂ ಏನು ಸಂಬಂಧ?

ಕೂರುವ ಸೀಟಿಗೆ ಕೈಯಿಂದ ದುಡ್ಡು ಹಾಕಿ ಕಾವು ಕೂಡಿಸಿಕೊಳ್ಳುವವರೂ ಇದ್ದಾರೆ ಅಂದರೆ ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಯಾರು ನಂಬುತ್ತಾರೆ ಹೇಳಿ? ಏಪ್ರಿಲ್ ಬಂತೆಂದರೆ ಬಿಸಿಲಿಗೆ ನಿಲ್ಲಿಸಿದ ಕಾರಿನ ರೆಕ್ಸಿನ್ ಮೇಲೆ ಟವೆಲ್ ಹಾಸದೆ ಕೂರುವ ಹಾಗಿಲ್ಲ. ಹಲವಾಗಲಿನ ನಮ್ಮ ಮನೆಯಲ್ಲಿ ಈ ಮಾತು ಬಂದಾಗ ನೆರೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನೀವೂ ನಗಿ, ತಪ್ಪಿಲ್ಲ. ಆದರೆ ಪೂರ್ತಿ ಓದಿ. ಇದರಲ್ಲಿ ನಮ್ಮ ನಿಮ್ಮ ಮನೆಯ ಹಿರಿಯರಿಗೆ ಬೇಕಾದ ಮಾತೊಂದಿದೆ.

ನಮ್ಮ ಅಣ್ಣ ಇರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕ. ಅವನ ಹತ್ತಿರ 1965ರ ಎಂ.ಜಿ.ಬಿ. ಕಾರೊಂದಿದೆ. ಎರಡೇ ಸೀಟು, ಬಟ್ಟೆಯ ಮಡಚುವ ಚಾವಣಿ, ನೆಲಕ್ಕೆ ತಾಗುವಷ್ಟು ತಗ್ಗು. ಈ ಜಾತಿಯ ಕಾರುಗಳನ್ನು 1962ರಿಂದ 1980ರವರೆಗೆ ಅಲ್ಲೇ ಹತ್ತಿರದ ಆಬಿಂಗ್ಡನ್ ಊರಿನಲ್ಲಿ ಮಾಡುತ್ತಿದ್ದರು. ಹಳೇ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗುವಂತೆ ನಮ್ಮಣ್ಣ ಪ್ರತಿ ಭಾನುವಾರ ಅದನ್ನು ಉಜ್ಜುತ್ತಾನೆ. ಮಕ್ಕಳನ್ನೂ ಅಷ್ಟು ಮುದ್ದು ಮಾಡಿಲ್ಲ ಅನ್ನುವುದು ಅತ್ತಿಗೆಯ ದೂರು.

2018ರ ನವೆಂಬರಿನಲ್ಲಿ ಅವ್ವ ಮೂರು ತಿಂಗಳಿಗೆಂದು ಅಲ್ಲಿಗೆ ಹೋದಳು. ಅವಳಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಸೊಂಟನೋವು. ಆ ಕಾರಿನಲ್ಲಿ ಅವ್ವನನ್ನು ಒಮ್ಮೆ ಸುತ್ತಾಡಿಸಬೇಕೆಂಬುದು ಅಣ್ಣನ ಬಹುದಿನದ ಆಸೆ. ಆದರೆ ಅಲ್ಲಿಯ ಚಳಿ ನಮ್ಮ ತುಂಗಭದ್ರೆಯ ದಂಡೆಯ ಮಾಗಿ ಚಳಿಯಲ್ಲ. ಚಾವಣಿಯ ಸಂದಿಯಲ್ಲಿ ಗಾಳಿ ಸುಯ್ ಅನ್ನುತ್ತದೆ. ಆ ಕಾಲದಲ್ಲಿ ಈ ಕಾರಿಗೆ ಹೀಟರ್ ಸಹ ಬೇಕೆಂದವರು ಬೇರೆ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕಿತ್ತು. ಇದ್ದ ಹೀಟರು ಕಾಲಿಗಷ್ಟೇ ಬಿಸಿಗಾಳಿ ಊದುತ್ತದೆ, ಬೆನ್ನು ಮಂಜುಗಡ್ಡೆ. ಮೊದಲ ದಿನ ಕೂತು ನೋಡಿ ಅವ್ವ ಹೇಳಿದ್ದು, "ಇದೇನಪಾ, ನೆಲದ ಮ್ಯಾಲೆ ಕುಂತಂಗೈತಿ. ಸೊಂಟ ಹಿಡಕಂತು, ಇಳಸು." ಅಂದೇ ಅಣ್ಣ ತೀರ್ಮಾನ ಮಾಡಿದ, ಅವ್ವ ಕೂರುವ ಸೀಟಿಗೆ ಕಾವು ಕೊಡಿಸಬೇಕು.

ಇದೇನೂ ಅವನ ಹೊಸ ಹುಚ್ಚಲ್ಲ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1966ರಲ್ಲೇ ಬಿಸಿ ಸೀಟು ಸಿಗುತ್ತಿತ್ತು. ಚಳಿಯ ದೇಶವಾದ ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದ ಆರಂಭದಲ್ಲಿ ತನ್ನ ಕಾರುಗಳಲ್ಲಿ ಅದನ್ನು ಬಳಕೆಗೆ ತಂದಿತು. ಈಗ ಹಳೆಯ ಕಾರಿನವರು ಕಾವಿನ ಹಾಸುಗಳನ್ನು ಬಿಡಿಯಾಗಿ ಕೊಂಡು ತಾವೇ ಹಾಕಿಕೊಳ್ಳುತ್ತಾರೆ.

ಕೆಲಸ ಹೇಗೆ ಅಂತೀರಾ? ನಮ್ಮ ಇಸ್ತ್ರಿಪೆಟ್ಟಿಗೆಯ ತತ್ವವೇ. ತೆಳುವಾದ ಹಾಸಿನೊಳಗೆ ಸಣ್ಣ ತಂತಿ ಸುರುಳಿಯಾಗಿ ಓಡಿರುತ್ತದೆ. ಕರೆಂಟು ಹರಿದಾಗ ಅದು ಬಿಸಿಯಾಗುತ್ತದೆ. ಬಿಸಿ ಮಿತಿಗೆ ಬಂದಾಗ ಥರ್ಮೋಸ್ಟ್ಯಾಟ್ ಕರೆಂಟು ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಅಣ್ಣ ಸೀಟನ್ನು ಬಿಚ್ಚಿ, ಚರ್ಮದ ಹೊದಿಕೆಯನ್ನು ಹುಷಾರಾಗಿ ತೆಗೆದು, ಸ್ಪಂಜಿನ ಮೇಲೆ ಕೂರುವಲ್ಲಿ ಒಂದು, ಬೆನ್ನಿಗೆ ಒಂದು ಹಾಸು ಅಂಟಿಸಿ ಮತ್ತೆ ಹೊದಿಕೆ ಎಳೆದು ಕಟ್ಟಿದ. ದಿಂಬಿಗೆ ಗವಸು ತೊಡಿಸಿದ ಹಾಗೆ. ಒಂದೇ ಎಚ್ಚರ, ಹಾಸು ಎಲ್ಲೂ ಮಡಿಚಿಕೊಳ್ಳಬಾರದು. ಮಡಿಕೆ ಬಿದ್ದಲ್ಲಿ ಕಾವು ಒಂದೇ ಕಡೆ ಕೂಡಿ ಸುಡುತ್ತದೆ, ತಂತಿಯೂ ತುಂಡಾಗುತ್ತದೆ. ಹಳೇ ಕಾರಿನ ಅಂದ ಕೆಡಬಾರದೆಂದು ಮುಂದಿನ ಹಲಗೆಗೆ ಒಂದು ತೂತನ್ನೂ ಕೊರೆಯದೆ ಸ್ವಿಚ್ಚನ್ನು ಅದರ ಕೆಳಗೆ ಬಚ್ಚಿಟ್ಟ.

ಮುಂದಿನದು ನಮ್ಮ ತಿಂಗಳ ಖರ್ಚಿನ ಲೆಕ್ಕದಂಥದ್ದು. ಆ ಕಾರಿನ ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್ ಕರೆಂಟು. ಅದೂ ಕಾರು ವೇಗವಾಗಿ ಓಡುವಾಗ ಮಾತ್ರ. ನಿಂತಾಗ ಏನೂ ಕೊಡುವುದಿಲ್ಲ ಅಂದರೂ ಸರಿ, ಬ್ಯಾಟರಿಯಿಂದ ಸಾಲ ತರಬೇಕು. ಮುಂದಿನ ದೀಪಗಳಿಗೆ ಏಳು, ಹಿಂದಿನ ಸಣ್ಣ ದೀಪಗಳಿಗೆ ಎರಡು, ಇಂಜಿನಿನ ಕಿಡಿಗೆ, ಹೀಟರಿನ ಫ್ಯಾನಿಗೆ, ಗಾಜು ಒರೆಸುವ ಕಡ್ಡಿಗೆ ಸುಮಾರು ಮೂರು ಮೂರು. ಹದಿನೆಂಟು ಅಲ್ಲಿಗೇ ಮುಗಿಯಿತು. ಒಂದು ಸೀಟಿಗೆ ಸುಮಾರು 40 ವ್ಯಾಟ್, ಅಂದರೆ ಮೂರೂವರೆ ಆಂಪಿಯರ್ ಬೇಕು. ಎರಡು ಸೀಟಿಗೆ ಹಾಕಿದರೆ ಆದಾಯಕ್ಕಿಂತ ಖರ್ಚು ಹೆಚ್ಚು! ಆದ್ದರಿಂದ ಅವ್ವನ ಸೀಟಿಗೆ ಮಾತ್ರ ಕಾವು. ಓಡಿಸುವ ಮಗ ನಡುಗುತ್ತಲೇ ಓಡಿಸಬೇಕು. ಅದನ್ನು ಕೇಳಿ ಅವ್ವನಿಗೆ ಒಳಗೊಳಗೇ ಹಿಗ್ಗು, ಬಾಯಲ್ಲಿ ಮಾತ್ರ "ನನಗೊಬ್ಬಾಕಿಗೆ ಯಾಕ ಬೇಕಿತ್ತಲೋ ಇದು."

ಎಲ್ಲ ಮುಗಿದ ದಿನ ನನಗೆ ಫೋನಿನಲ್ಲಿ ಮುಖ ತೋರಿಸುತ್ತ ಅವ್ವ ಸೀಟಿನಲ್ಲಿ ಕೂತಿದ್ದಳು. ಐದು ನಿಮಿಷವಾಯಿತು. "ಬೆನ್ನಿಗೆ ಹಿತ ಐತಿ. ಕುಂಡ್ರೋ ಕಡಿಗೆ ಮಾತ್ರ ಏನೂ ಗೊತ್ತಾಗವಲ್ದು. ಇನ್ನೊಂದೀಟು ಜಾಸ್ತಿ ಮಾಡು" ಅಂದಳು. ಅಣ್ಣ ಸ್ವಿಚ್ಚಿಗೆ ಕೈ ಹಾಕಿದ. ಅತ್ತಿಗೆ ತಡೆದಳು. ತನ್ನ ಕೈ ತೂರಿಸಿ ನೋಡಿದಳು. ಅಲ್ಲಿ ಚೆನ್ನಾಗಿಯೇ ಬಿಸಿ ಇತ್ತು.

ಸೋದರಿಯರೇ, ಆ ಮಾತು ಕೇಳಿ ನನ್ನೆದೆ ಧಸಕ್ ಎಂದಿತು. ಇಲ್ಲಿ ಅವ್ವನ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲವೆಂದು ನಾನು ಬಲ್ಲೆ. ಸಕ್ಕರೆ ಕಾಯಿಲೆ ಬಹಳ ವರ್ಷವಾದರೆ ನರಗಳು ಮಂದವಾಗುತ್ತವೆ. ನೋವೂ ತಿಳಿಯದು, ಬಿಸಿಯೂ ತಿಳಿಯದು. ಇದು ಹೆಚ್ಚಾಗಿ ಪಾದದಿಂದಲೇ ಶುರುವಾಗುತ್ತದೆ. ಆದರೆ ಬೇರೆಲ್ಲಿ ಎಷ್ಟು ಮಂದವಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ! "ಬಿಸಿ ಗೊತ್ತಾಗವಲ್ದು" ಅಂದರೆ ಬಿಸಿ ಇಲ್ಲ ಅಂತಲ್ಲ.

ಬೆಂಕಿ ಸುಟ್ಟರೆ ಮಾತ್ರ ಸುಡುವುದು ಅಂತ ನಾವು ತಿಳಿದಿರುತ್ತೇವೆ. 1947ರಲ್ಲಿ ಅಮೆರಿಕದಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ಇದನ್ನು ಅಳೆದು ನೋಡಿದರು. 60 ಡಿಗ್ರಿ ಬಿಸಿಯಾದರೆ ಚರ್ಮ ಸುಡಲು ಸುಮಾರು ಐದು ಸೆಕೆಂಡು ಸಾಕು. 49 ಡಿಗ್ರಿಗೆ ಹತ್ತು ನಿಮಿಷದೊಳಗೆ. ಬರೀ 44 ಡಿಗ್ರಿಯಾದರೂ ಆರು ತಾಸು ಅಂಟಿಕೊಂಡಿದ್ದರೆ ಚರ್ಮ ಬೇಯುತ್ತದೆ. 44 ಅಂದರೆ ಜೋರು ಜ್ವರಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ನಮಗಾದರೆ ಚುರುಗುಟ್ಟಿದ ಕೂಡಲೇ ಎದ್ದುಬಿಡುತ್ತೇವೆ. ಸ್ಪರ್ಶ ತಿಳಿಯದವರು ಹಾಗೇ ಕೂತಿರುತ್ತಾರೆ. ಬಿಸಿ ಸೀಟಿನಿಂದ ಇಂಥವರಿಗೆ ಆಳವಾದ ಸುಟ್ಟಗಾಯಗಳಾಗಿವೆಯೆಂದು, ಸೀಟಿನ ಕಾವಿಗೆ ಮಿತಿ ಹಾಕಬೇಕೆಂದು 2011ರಲ್ಲಿ ಅಮೆರಿಕದ ವೈದ್ಯರು ಮತ್ತು ಸುರಕ್ಷತೆಯ ತಜ್ಞರು ಅಲ್ಲಿಯ ಸರ್ಕಾರವನ್ನು ಕೇಳಿದ್ದರು.

ಇಷ್ಟೆಲ್ಲ ಅಂಕಿಅಂಶ ಗೊತ್ತಿಲ್ಲದ ಅವ್ವನೇ ಆಗ ದಾರಿ ತೋರಿಸಿದಳು. "ಹೌದಲೇ, ಬಾಣಂತಿಗೆ ಕಾಸಿದಂಗ ಕಾಸ್ರಿ" ಅಂದಳು. ನಮ್ಮ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬೆನ್ನು ಸೊಂಟ ಕಾಸುವ ಪದ್ಧತಿ ನಿಮಗೆ ತಿಳಿದದ್ದೇ. ಬಿಸಿ ಸೀಟು ಅಂದರೆ ಅದೇ ತಾನೇ? ಹಗ್ಗದ ಬದಲು ಸ್ಪಂಜು, ಕೆಂಡದ ಬದಲು ತಂತಿ. ನನಗೂ ನನ್ನ ತಂಗಿಗೂ ಅವ್ವನೇ ಕಾಸಿದ್ದಳು. "ಸಾಕೇನ" ಅಂತ ಒಂದು ದಿನವೂ ನಮ್ಮನ್ನು ಕೇಳಿದವಳಲ್ಲ. ಹೆರಿಗೆಯಾಗಿ ದಣಿದವಳಿಗೆ ಮಂಪರು, ಅವಳಿಗೇನು ತಿಳಿಯುತ್ತದೆ? ಕೌದಿಯ ಕೆಳಗೆ ಆಗಾಗ ತನ್ನ ಮುಂಗೈ ತೂರಿಸಿ ನೋಡುತ್ತಿದ್ದಳು, ಕೆಂಡ ಹಿಂದೆ ಸರಿಸುತ್ತಿದ್ದಳು. ಕಾವಿನ ಅಳತೆ ಕಾಸುವವಳ ಕೈಯಲ್ಲಿರಬೇಕು ಅನ್ನುವುದು ಅವಳ ಲೆಕ್ಕ. (ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ತಾಯಿಗೂ ಕೂಸಿಗೂ ಪ್ರಾಣಕ್ಕೇ ಅಪಾಯ. ಅದರ ವಿಷಗಾಳಿ ಕಣ್ಣಿಗೆ ಕಾಣದು, ಮೂಗಿಗೆ ಹತ್ತದು. ಅದನ್ನು ಬಿಟ್ಟುಬಿಡಿ.)

ಸರಿ, ಅಣ್ಣ ಮತ್ತೆ ಸೀಟು ಬಿಚ್ಚಿದ. 40 ಡಿಗ್ರಿಗೇ ಕರೆಂಟು ಕಡಿಯುವ ಥರ್ಮೋಸ್ಟ್ಯಾಟ್ ಹಾಕಿದ. ಕೂರುವ ಕಡೆಯ ಹಾಸಿನ ತಂತಿ ಕಳಚಿ, ಬೆನ್ನಿನದನ್ನು ಮಾತ್ರ ಉಳಿಸಿದ. ಖರ್ಚೂ ಅರ್ಧಕ್ಕೆ ಇಳಿಯಿತು! ಸ್ವಿಚ್ಚನ್ನು ತನ್ನ ಬದಿಗೆ ತಂದುಕೊಂಡ. ಕಾರಿನ ಕೀಲಿ ತಿರುಗಿಸಿದರೆ ಅದೂ ಆರಬೇಕು, ಹಾಗೆ ಜೋಡಿಸಿದ. ಹತ್ತು ನಿಮಿಷ ಕಾವು, ಆಮೇಲೆ ಬಂದ್. ಇಳಿದ ಮೇಲೆ ಅತ್ತಿಗೆ ಅವ್ವನ ಬೆನ್ನು ನೋಡಬೇಕು, ಕೆಂಪಗಾಗಿದೆಯೋ ಇಲ್ಲವೋ. ಅಲ್ಲಿಯ ಡಾಕ್ಟರನ್ನೂ ಕೇಳಿಯೇ ಇದಕ್ಕೆ ಒಪ್ಪಿದ್ದು.

ಡಿಸೆಂಬರಿನ ಒಂದು ಒಣ ಭಾನುವಾರ ತಾಯಿ ಮಗ ಆಬಿಂಗ್ಡನ್‌ವರೆಗೆ ಹೋಗಿ ಬಂದರು. ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೂ ಅಣ್ಣನಿಗೆ ಕಾರನ್ನು ಅದು ಹುಟ್ಟಿದ ಊರಿಗೆ ಕರೆದೊಯ್ದ ಸಂಭ್ರಮ. "ಕಾರು ತವರಿಗೆ ಹೋಗಿ ಬಂತು" ಅಂದಳು ಅವ್ವ. ಸೊಂಟ ಹಿಡಿಯಲಿಲ್ಲ, ಬೆನ್ನೂ ಕೆಂಪಗಾಗಲಿಲ್ಲ.

ಬಿಸಿ ಸೀಟಿನ ಕಾರು ನಮ್ಮ ನಿಮ್ಮಲ್ಲಿ ಎಷ್ಟು ಮನೆಯಲ್ಲಿದ್ದೀತು? ಆದರೆ ಬಿಸಿನೀರಿನ ರಬ್ಬರ್ ಚೀಲ, ಕರೆಂಟಿನ ಕಾವಿನ ಹಾಸು, ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟು, ಇವು ಇಲ್ಲದ ಮನೆ ಕಡಿಮೆ. ಸಕ್ಕರೆ ಕಾಯಿಲೆಯವರೂ ಕಡಿಮೆಯಿಲ್ಲ. ನಮ್ಮ ದೇಶದಲ್ಲಿ ಹತ್ತು ಕೋಟಿ ಮಂದಿ ಎಂದು ಐ.ಸಿ.ಎಂ.ಆರ್. ಅಧ್ಯಯನ 2023ರಲ್ಲಿ ಹೇಳಿದೆ. ಅಂಥವರ ಪಾದಕ್ಕೆ ಚೀಲವಾಗಲಿ ಹಾಸಾಗಲಿ ಬೇಡವೇ ಬೇಡ. ಚಳಿಯಾದರೆ ಕಾಲುಚೀಲ ಹಾಕಿ. ಬೆನ್ನಿಗೆ ಸೊಂಟಕ್ಕೆ ಕೊಡುವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ. ಚೀಲಕ್ಕೆ ಕುದಿಯುವ ನೀರು ತುಂಬಬೇಡಿ, ದಪ್ಪ ಟವೆಲ್ ಸುತ್ತದೆ ಇಡಬೇಡಿ. ಹತ್ತು ಹದಿನೈದು ನಿಮಿಷಕ್ಕೆ ತೆಗೆಯಿರಿ, ಇಟ್ಟುಕೊಂಡು ನಿದ್ದೆ ಹೋಗಲು ಬಿಡಬೇಡಿ. ತೆಗೆದ ಮೇಲೆ ಚರ್ಮ ನೋಡಿ. ಅತ್ತೆ "ಇನ್ನೂ ಬಿಸಿ ಬೇಕು" ಅಂದರೆ ಎದುರು ಮಾತಾಡದೆ, ಮೊದಲು ನಿಮ್ಮ ಮುಂಗೈ ಇಟ್ಟು ನೋಡಿ. ನಿಮಗೆ ಬಿಸಿ ಹತ್ತಿದರೆ ಅವರಿಗೆ ಸಾಕು.