ಬಿಸಿಲು ಹುಡುಕುತ್ತಿದ್ದ ಮೋತಿ

ಮಾರ್ಚ್ ಬಂತೆಂದರೆ ನಮ್ಮ ಶಹಾಬಾದದಲ್ಲಿ ಮನುಷ್ಯರು, ದನ, ಬೆಕ್ಕು ಎಲ್ಲರೂ ತಂಪು ಪರ್ಸಿ ಹುಡುಕ್ತಾರೆ. ನಮ್ಮ ಮೋತಿ ಮಾತ್ರ ಪಡಸಾಲೆಯ ಪರ್ಸಿ ಬಿಟ್ಟು ಅಂಗಳದ ಬಿಸಿಲಿಗೆ ಹೋಗಿ ಮಲಗುತ್ತಿತ್ತು. ಎಂಟು ವರ್ಷದ ಲ್ಯಾಬ್ರಡಾರ್. ತಿನ್ನೋದು ಮೊದಲಿನಷ್ಟೇ, ತೂಕ ಮಾತ್ರ 41 ಕೆ.ಜಿ. ಬಾಲದ ಕೂದಲು ಉದುರಿ ಇಲಿ ಬಾಲದ ಹಾಗಾಗಿತ್ತು. "ವಯಸ್ಸಾತಲ್ಲ, ಬಿಡು" ಅಂತಿದ್ದಳು ಅವ್ವ.

ಸೆಮಿಸ್ಟರ್ ರಜೆಗೆ ಹೋದಾಗ ಅದರ ತೊಡೆಯ ಮೇಲೆ ಒಂದು ಗಡ್ಡೆ ಕೈಗೆ ಹತ್ತಿತು. ಕಲಬುರಗಿಗೆ ಕರೆದೊಯ್ದೆವು. ಸೂಜಿ ಹಾಕಿ ತೆಗೆದ ಮಾದರಿಯಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ. ನನ್ನ ರಜೆ ಇನ್ನು ಹತ್ತೇ ದಿನ. "ಸರ್, ಈ ವಾರದಾಗೇ ಆಪರೇಷನ್ ಮಾಡಿಬಿಡ್ರಿ" ಅಂದೆ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಎಣಿಸಿದರು. "ಹೊಸ ಜಾಗಕ್ಕ ಬಂದು ಹೆದರಿದ ನಾಯಿ ಎದಿ ಜೋರು ಬಡೀಬೇಕು. ಇದು 60 ದಾಟವಲ್ದು. ಮೊದಲ ಥೈರಾಯ್ಡ್ ನೋಡೂಣು."

ರಕ್ತದಲ್ಲಿ ಟಿ4 ಕಡಿಮೆ, ಟಿಎಸ್‌ಎಚ್ ಹೆಚ್ಚು. ಆಪರೇಷನ್ ಮುಂದಕ್ಕೆ ಹೋಯಿತು. ಗಡ್ಡೆ ಬೆಳೆದರೆ ಏನು ಗತಿ ಅಂತ ನನಗೆ ಸಿಟ್ಟು. ಡಾಕ್ಟರ್ ಕೇಳಿದರು: "ಇಂಜಿನಿಯರಿಂಗ್ ಓದ್ಲಕತ್ತಿ ಅಲ್ಲಾ? ಓಮ್ಸ್ ಲಾ ಗೊತ್ತದಲ್ಲ?"

ರಕ್ತದೊತ್ತಡ ಅಂದರೆ ವೋಲ್ಟೇಜ್. ಹೃದಯ ನಿಮಿಷಕ್ಕೆ ನೂಕುವ ರಕ್ತ ಕರೆಂಟ್. ರಕ್ತನಾಳಗಳ ಬಿಗಿ ರೆಸಿಸ್ಟೆನ್ಸ್. ಅರಿವಳಿಕೆಯ ಗ್ಯಾಸ್ ನಾಳಗಳನ್ನು ಸಡಿಲ ಮಾಡುತ್ತದೆ, ಹೃದಯದ ಬಡಿತದ ಬಲವನ್ನೂ ತಗ್ಗಿಸುತ್ತದೆ. ಆರೋಗ್ಯದ ನಾಯಿಯ ಹೃದಯ ವೇಗ ಹೆಚ್ಚಿಸಿ ಸ್ವಲ್ಪವಾದರೂ ಸರಿದೂಗಿಸುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದರೆ ಹೃದಯ ಮೊದಲೇ ನಿಧಾನ, ಹಿಂಡುವ ಶಕ್ತಿಯೂ ಕಮ್ಮಿ, ವೇಗ ಹೆಚ್ಚಿಸು ಎಂಬ ಸಂದೇಶಕ್ಕೆ ಸರಿಯಾಗಿ ಓಗೊಡುವುದಿಲ್ಲ. ಐ ಮತ್ತು ಆರ್ ಎರಡೂ ಒಟ್ಟಿಗೆ ಬಿದ್ದರೆ ವಿ ಎಲ್ಲಿಂದ ಬರಬೇಕು? ಸರಾಸರಿ ಒತ್ತಡ 60ಕ್ಕಿಂತ ಕೆಳಗೇ ಉಳಿದರೆ ಕಿಡ್ನಿ, ಮೆದುಳಿಗೆ ರಕ್ತ ಸಾಲದು. ಜೊತೆಗೆ ಮೈ ಬೇಗ ತಣ್ಣಗಾಗುತ್ತದೆ, ಔಷಧಿ ನಿಧಾನಕ್ಕೆ ಕರಗುತ್ತದೆ, ಎಚ್ಚರ ತಡವಾಗುತ್ತದೆ. ಬೊಜ್ಜಿನ ತೂಕಕ್ಕೆ ಲೆಕ್ಕ ಹಾಕಿ ಕೊಟ್ಟರೆ ಡೋಸ್ ಹೆಚ್ಚಾಗುವ ಅಪಾಯ ಬೇರೆ.

ನಾನು ಹಾಸ್ಟೆಲ್ಲಿಗೆ ವಾಪಸ್ ಬಂದೆ. ಅವ್ವ ದಿನಕ್ಕೆರಡು ಸಲ ಥೈರಾಕ್ಸಿನ್ ಗುಳಿಗೆ ಹಾಕುತ್ತಿದ್ದಳು. ಪ್ರತಿ ಭಾನುವಾರ ಗಡ್ಡೆಯ ಸುತ್ತ ದಾರ ಹಿಡಿದು ಗಂಟು ಹಾಕಿ, ಫೋಟೋ ಕಳಿಸುತ್ತಿದ್ದಳು. ನಾಲ್ಕನೇ ಗಂಟು ಮೂರನೆಯದಕ್ಕಿಂತ ದೂರ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಐದನೇ ವಾರ ಒಂದು ವಿಡಿಯೋ ಬಂತು: ಮೋತಿ ಎದ್ದು ಹಾಲಿನವನಿಗೆ ಬೊಗಳುತ್ತಿತ್ತು.

ಆರು ವಾರಕ್ಕೆ ಆಪರೇಷನ್. ನನಗೆ ಇಂಟರ್ನಲ್ಸ್. ಅಪ್ಪ ಫೋನಿನಲ್ಲಿ, "ಹೊರಗ 42 ಡಿಗ್ರಿ ಅದ, ಒಳಗ ನಾಯಿಗಿ ಕಂಬಳಿ ಹೊಚ್ಚಿ ಬಿಸಿನೀರಿನ ಬಾಟ್ಲಿ ಇಟ್ಟಾರ ನೋಡಪ" ಅಂದರು. ನಡುವೆ ಒಮ್ಮೆ ಒತ್ತಡ ಇಳಿದಿತ್ತಂತೆ. ಗ್ಯಾಸ್ ಕಡಿಮೆ ಮಾಡಿ, ಸಲೈನ್ ಹೆಚ್ಚಿಸಿದ ಮೇಲೆ ಏರಿತು. ಗಡ್ಡೆ ಕೆಟ್ಟದ್ದೇ ಆಗಿತ್ತು, ಆದರೆ ಪೂರ್ತಿ ತೆಗೆದಿದ್ದರು. ನನ್ನ ರಜೆಯ ಲೆಕ್ಕಕ್ಕೆ ಆಪರೇಷನ್ ಮಾಡಿದ್ದರೆ ಆ ಒತ್ತಡ ಮತ್ತೆ ಏರುತ್ತಿತ್ತೋ ಇಲ್ಲವೋ!

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಗೆಳೆಯರೇ, ನಿಮ್ಮನೆ ನಾಯಿ ದಪ್ಪಗಾಗಿ, ಮಂಕಾಗಿ, ಬಿಸಿಲು ಹುಡುಕ್ತಿದ್ದರೆ ವಯಸ್ಸು ಅಂತ ಬಿಡಬೇಡಿ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತುರ್ತು ಇದ್ದರೆ ಕಾಯೋಕಾಗಲ್ಲ, ಆಗ ಅವರಿಗೆ ಗೊತ್ತಿದ್ದರೆ ಅಷ್ಟು ಹುಷಾರಾಗಿರ್ತಾರೆ.

ಮೇ ಕೊನೆಗೆ ಊರಿಗೆ ಹೋದೆ. ಮೋತಿ ಅಂಗಳದಲ್ಲಿ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಪಡಸಾಲೆಯ ಪರ್ಸಿ ಮೇಲೆ, ಎಲ್ಲರಂತೆ, ಕಾಲು ಚಾಚಿ ಮಲಗಿತ್ತು.