ನಾಲ್ಕು ತಾಲೂಕಿನ ರಸ್ತೆ, ಒಂದು ಕಾರ್ ಸ್ಟೀರಿಯೊ

ಭಾನುವಾರ ಬೆಳಗ್ಗೆ ನೆಲಮಂಗಲ ಬಿಟ್ಟರೆ ಮಧುರೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ದಾಟಿಕೊಂಡು, ಬೆಂಗಳೂರಿಗೆ ಕಾಲಿಡದೆಯೇ ಹೊಸಕೋಟೆ ಸೇರಬಹುದು. ಪ್ರವಾಸದ ಪಟ್ಟಿಯಲ್ಲಿ ಈ ದಾರಿ ಎಲ್ಲೂ ಸಿಗುವುದಿಲ್ಲ. ಆದರೆ ಕಾರಿನ ಸ್ಟೀರಿಯೊ ಹೇಗಿದೆ ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ. ಹೆದ್ದಾರಿ, ಹಳ್ಳಿ ರಸ್ತೆ, ಮಗ್ಗದ ಸದ್ದು, ವಿಮಾನದ ಸದ್ದು, ಕೆರೆ ಏರಿಯ ಮೌನ ಎಲ್ಲ ಒಂದೇ ಬೆಳಗ್ಗೆಯಲ್ಲಿ ಸಿಗುತ್ತವೆ.

ನಮಗೆ ಈ ದಾರಿ ತಿಂಗಳಿಗೊಮ್ಮೆ ಇದ್ದೇ ಇದೆ. ದೊಡ್ಡಪ್ಪನ ಮಗಳ ಮನೆ ನೆಲಮಂಗಲದಲ್ಲಿ, ದೊಡ್ಡಪ್ಪನ ಮಗ್ಗ ದೊಡ್ಡಬಳ್ಳಾಪುರದಲ್ಲಿ, ಅತ್ತೆಯ ಮನೆ ಹೊಸಕೋಟೆಯಲ್ಲಿ. ದೊಡ್ಡಪ್ಪ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಸಿ. ಅಶ್ವಥ್ ಹಾಡಿದ ಶರೀಫರ ತತ್ವಪದ ಅಂದರೆ ಅವರಿಗೆ ಪ್ರಾಣ. ಹೋದ ವರ್ಷ ಒಂದು ದಿನ ಇದ್ದಕ್ಕಿದ್ದಂತೆ ಅಂದರು: "ರಾಗ ಕೇಳಿಸ್ತದೆ ಕಣೋ, ಪದ ಕೇಳಿಸಲ್ಲ." ನಾನು ವಾಲ್ಯೂಮ್ ಕಡೆ ಕೈ ಹಾಕಿದೆ. "ಜೋರು ಮಾಡ್ಬೇಡ್ವೋ, ತಲೆ ನೋಯ್ತದೆ. ಪದ ಕೇಳೋ ಹಂಗೆ ಮಾಡು."

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇದನ್ನು ಹೇಳಿದರೆ ಮೊದಲು ಸಿಗುವ ಉತ್ತರ ಸಬ್‌ವೂಫರ್. ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ, ಸೀಟಿನ ಕೆಳಗೆ ಒಂದು ಆಂಪ್ಲಿಫೈಯರ್. ಗಣೇಶನ ಮೆರವಣಿಗೆಗೆ ಅದು ಸರಿ. ನಮಗೆ ಬೇಕಿದ್ದುದು ಅದರ ತದ್ವಿರುದ್ಧ. ಜೋರಾದ ಮಂದ್ರ ಸದ್ದು ಅದಕ್ಕಿಂತ ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಮಾತಿನ ಅರ್ಥ ಇರುವುದೇ ಆ ಸಣ್ಣ ಸದ್ದುಗಳಲ್ಲಿ. ಅ, ಆ, ಓ ಸ್ವರಗಳ ಶಕ್ತಿ ಕೆಳಗಿನ ಆವರ್ತನಗಳಲ್ಲಿರುತ್ತದೆ. ಸ, ಶ, ತ, ಚ ಥರದ ವ್ಯಂಜನಗಳು 2000 ಹರ್ಟ್ಸ್ ಮೇಲೆ. ಸ್ವರ ಕೇಳಿಸಿ ವ್ಯಂಜನ ಕೇಳಿಸದಿದ್ದರೆ ದೊಡ್ಡಪ್ಪ ಹೇಳಿದ್ದೇ ಆಗುತ್ತದೆ: ರಾಗ ಇದೆ, ಪದ ಇಲ್ಲ.

ನೆಲಮಂಗಲದಲ್ಲಿ ತುಮಕೂರು ರಸ್ತೆಯೂ ಹಾಸನ, ಮಂಗಳೂರಿಗೆ ಹೋಗುವ ರಸ್ತೆಯೂ ಕವಲೊಡೆಯುತ್ತವೆ. ಹೀಗಾಗಿ ಲಾರಿಗಳಿಗೆ ಅಲ್ಲಿ ಹಗಲು ರಾತ್ರಿ ಇಲ್ಲ. ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಹಾಡು ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ಕೇಳಿ ನೋಡಿ. ಒಂದೇ ಸಮನೆ "ಹೋ" ಅನ್ನುವ ಸದ್ದು ಬರುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಟೈರಿನದು, ಇಂಜಿನ್ನಿನದಲ್ಲ. ಟೈರಿನ ಸದ್ದು ಜಾಸ್ತಿ ಇರುವುದು 1000 ಹರ್ಟ್ಸ್ ಸುತ್ತಮುತ್ತ, ಅಂದರೆ ಸರಿಯಾಗಿ ಮಾತಿನ ಜಾಗದಲ್ಲೇ. ವೇಗ 80ರಿಂದ 60ಕ್ಕೆ ಇಳಿಸಿದರೆ ಅದು ಹೆಚ್ಚುಕಡಿಮೆ 4 ಡೆಸಿಬಲ್ ಇಳಿಯುತ್ತದೆ. ಆಂಪ್ಲಿಫೈಯರ್ ಶಕ್ತಿಯನ್ನು ಎರಡು ಪಟ್ಟು ಮಾಡಿದರೂ ಸಿಗುವುದು 3 ಡೆಸಿಬಲ್ ಮಾತ್ರ! ಕಾಸಿಲ್ಲದೆ ಆಗುವ ಕೆಲಸ ಇದೊಂದೇ, ಯಾವ ಅಂಗಡಿಯವರೂ ಹೇಳುವುದಿಲ್ಲ.

ಮಧುರೆಯ ಶನಿಮಹಾತ್ಮನ ಗುಡಿ ದಾಟುವ ಹೊತ್ತಿಗೆ ರಸ್ತೆ ಕಿರಿದಾಗುತ್ತದೆ, ವೇಗ ತಾನಾಗೇ ಇಳಿಯುತ್ತದೆ. ಇಲ್ಲಿ ಬೇರೆ ಸದ್ದು ಶುರು: ಬಾಗಿಲಿನ ಗಡಗಡ. ಕಾರಿನ ಬಾಗಿಲೆಂದರೆ ತೆಳು ತಗಡು, ಒಳಗೆ ಕೈ ಹೋಗುವಷ್ಟು ತೂತುಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದ ಗಾಳಿ ಹಿಂದಿನಿಂದ ಆ ತೂತುಗಳಲ್ಲಿ ಬಂದು ಮುಂದಿನದನ್ನೇ ಅಳಿಸುತ್ತದೆ. ನಾನು ಹೊಸ ಸ್ಪೀಕರ್ ತರುವ ಮೊದಲು ಬಾಗಿಲು ಬಿಚ್ಚಿಸಿ, ಹೊರತಗಡಿಗೆ ಬ್ಯೂಟೈಲ್ ರಬ್ಬರ್ ಹಾಳೆ ಅಂಟಿಸಿ, ಒಳಗಿನ ತೂತುಗಳನ್ನು ಮುಚ್ಚಿಸಿದೆ. ನೀರು ಇಳಿದು ಹೋಗಲು ಬಾಗಿಲಿನ ಅಡಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಅವನ್ನು ಮಾತ್ರ ಮುಟ್ಟಬಾರದು. ಮುಚ್ಚಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು. ಕಂಪನಿ ಸ್ಪೀಕರ್ ಇದ್ದ ಹಾಗೇ ಅರ್ಧ ಕೆಲಸ ಆಗಿತ್ತು. ಬಾಗಿಲು ಹಾಕಿದರೆ "ಟಣ್" ಬದಲು "ದಪ್" ಅನ್ನುತ್ತದೆ. ಅದನ್ನು ಕೇಳೋಕೇ ಒಂದು ಖುಷಿ.

ದೊಡ್ಡಬಳ್ಳಾಪುರದಲ್ಲಿ ಕಿಟಕಿ ಇಳಿಸಬೇಕು. ಊರೊಳಗಿನ ಬೀದಿಗಳಲ್ಲಿ ಮನೆಮನೆಯಿಂದ "ಟಕ ಟಕ ಟಕ" ಅಂತ ಪವರ್‌ಲೂಮ್ ಸದ್ದು ಬರುತ್ತದೆ. ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆಯುವ ಪ್ರತಿ ಏಟೂ ಒಂದು ಸುತ್ತಿಗೆ ಪೆಟ್ಟು. ನಾಲ್ಕು ಮಗ್ಗ ಒಟ್ಟಿಗೆ ಓಡುವ ಕೊಟ್ಟಿಗೆಯಲ್ಲಿ ಪಕ್ಕದವನ ಜತೆ ಮಾತಾಡಬೇಕಾದರೆ ಕಿವಿಗೆ ಬಾಯಿ ಇಡಬೇಕು. ಇಂಥ ಕಡೆ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಸಾಕು, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧ ಮಾಡಬೇಕು ಅನ್ನುವುದು ಕಿವಿ ಉಳಿಸಿಕೊಳ್ಳುವ ಲೆಕ್ಕ. ದೊಡ್ಡಪ್ಪ ಅಲ್ಲಿ ನಲವತ್ತು ವರ್ಷ ನಿಂತವರು. ಹೀಗೆ ಸದ್ದಿನಿಂದ ಹಾಳಾಗುವ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಸುತ್ತಲಿನ ಭಾಗವನ್ನು. ವ್ಯಂಜನಗಳ ಮನೆ ಅದೇ. ಕಿವಿಗೆ ಹತ್ತಿ ಇಟ್ಟುಕೊಳ್ಳೋದಲ್ವಾ ಅಂದರೆ ನಗುತ್ತಾರೆ. "ಎಳೆ ಕಡಿದಿದ್ದು ಕಿವೀಗ್ ಗೊತ್ತಾಗ್ಬೇಕು ಕಣೋ. ಕಣ್ಣು ಆಮೇಲೆ." ಮಗ್ಗದ ಲಯದಲ್ಲಿ ಒಂದು ಸಣ್ಣ ಬದಲಾವಣೆ ಆದರೆ ಸಾಕು, ಊಟ ಮಾಡುತ್ತಿದ್ದವರು ಎದ್ದು ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಈಗ ಅಣ್ಣ ಓಡಿಸುತ್ತಾನೆ, ಅವನದೂ ಅದೇ ಮಾತು.

ಇಲ್ಲಿಂದ ದೇವನಹಳ್ಳಿ ಕಡೆಗೆ ಹೊರಟರೆ ದ್ರಾಕ್ಷಿ ತೋಟ, ಲೇಔಟಿನ ಬೋರ್ಡು, ತಲೆಯ ಮೇಲೆ ವಿಮಾನ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆಯ ಆಕಾಶ ಸುಮ್ಮನಿದ್ದದ್ದೇ ಕಡಿಮೆ. ಆದರೂ ಎರಡು ವಿಮಾನಗಳ ನಡುವೆ ಸಿಗುವ ಹೊತ್ತಿನಲ್ಲಿ, ಕೋಟೆಯ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಂಜಿನ್ ಆರಿಸಿ, ನಾನು ಸ್ಟೀರಿಯೊ ಹೊಂದಿಸಿದ್ದು ಇಲ್ಲೇ. ಚಕ್ಕೋತ ಮಾರುವವರು ಬಂದು ಏನು ರಿಪೇರಿ ಅಂತ ಕೇಳಿಕೊಂಡು ಹೋದರು.

ಕಾರಿನಲ್ಲಿ ಯಾರೂ ನಡುವೆ ಕೂರುವುದಿಲ್ಲ ನೋಡಿ. ದೊಡ್ಡಪ್ಪ ಎಡಗಡೆ. ಎಡ ಬಾಗಿಲಿನ ಸ್ಪೀಕರ್‌ಗಿಂತ ಬಲ ಬಾಗಿಲಿನದು ಅವರ ಕಿವಿಯಿಂದ ಹೆಚ್ಚುಕಡಿಮೆ 60 ಸೆಂಟಿಮೀಟರ್ ದೂರ. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುವ ಲೆಕ್ಕದಲ್ಲಿ ಎಡಗಡೆಯದು 1.7 ಮಿಲಿಸೆಕೆಂಡ್ ಮುಂಚೆ ತಲುಪುತ್ತದೆ. ಒಂದೇ ದನಿ ಎರಡು ಸಲ ಬಂದು ಕಲಸಿಕೊಳ್ಳುತ್ತದೆ, ಹಾಡುವವರು ಮೊಣಕಾಲಿನ ಹತ್ತಿರ ಕೂತಂತೆ ಅನ್ನಿಸುತ್ತದೆ. ಈಗಿನ ಕೆಲವು ಸ್ಟೀರಿಯೊಗಳಲ್ಲಿ ಟೈಮ್ ಅಲೈನ್‌ಮೆಂಟ್ ಅಂತ ಇರುತ್ತದೆ; ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡ ಮಾಡಿದರೆ ದನಿ ಎದುರಿಗೆ ಬರುತ್ತದೆ. ಒಂದು ಸೀಟಿಗೆ ಸರಿ ಮಾಡಿದರೆ ಇನ್ನೊಂದಕ್ಕೆ ಕೆಡುತ್ತದೆ. ಎಲ್ಲರೂ ಡ್ರೈವರ್ ಸೀಟಿಗೆ ಮಾಡಿಕೊಳ್ಳುತ್ತಾರೆ, ನಾನು ಎಡ ಸೀಟಿಗೆ ಮಾಡಿದೆ.

ಪರೀಕ್ಷೆಗೆ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡುಗಳಷ್ಟು ಒಳ್ಳೆಯದು ಇನ್ನೊಂದಿಲ್ಲ. 60ರ ದಶಕದ ಧ್ವನಿಮುದ್ರಣ ಮೋನೊ, ಎರಡೂ ಕಡೆ ಒಂದೇ ಸದ್ದು. ಹೊಂದಾಣಿಕೆ ಸರಿ ಇದ್ದರೆ ದನಿ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಕಡೆ ನಿಲ್ಲುತ್ತದೆ. ತೇಲಾಡಿದರೆ ಎಲ್ಲೋ ತಪ್ಪಿದೆ, ಬಹುಶಃ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆ. ಈಕ್ವಲೈಜರಿನಲ್ಲಿ ಮಾಡಿದ್ದು ಎರಡೇ ಕೆಲಸ. ಬಾಗಿಲು ಗುಂಯ್‌ಗುಡುವ 200 ಹರ್ಟ್ಸ್ ಸುತ್ತ ಇಳಿಸಿದೆ, 3000 ಹತ್ತಿರ 3 ಡೆಸಿಬಲ್ ಏರಿಸಿದೆ. ಟ್ವೀಟರ್‌ಗಳನ್ನು ಗಾಜಿನ ಪಕ್ಕದ ಕಂಬಕ್ಕೆ, ಕಿವಿಯ ಎತ್ತರಕ್ಕೆ ತಂದೆ. ನನ್ನ ಸೀಟಿನಲ್ಲಿ ಅದು ಸ್ವಲ್ಪ ಚುರುಕು ಅನ್ನಿಸುತ್ತದೆ, ಇರಲಿ.

ಸೂಲಿಬೆಲೆ ದಾರಿಯಲ್ಲಿ ಅಶ್ವಥ್ ಹಾಕಿದೆ. ಮೂರನೇ ಹಾಡಿಗೆ ದೊಡ್ಡಪ್ಪ ಕೈ ಎತ್ತಿ ನಿಲ್ಲಿಸು ಅಂದರು. "ಈ ಪದ ಹಿಂಗಾ ಇರೋದು? ನಾನು ಇಷ್ಟು ವರ್ಷ ಬೇರೆ ಏನೋ ಹಾಡ್ಕೋತಿದ್ದೆ." ಆಮೇಲೆ ಅದೇ ಸಾಲನ್ನು ಮೂರು ಸಲ ಹಾಕಿಸಿಕೊಂಡರು. ಸ್ವಲ್ಪ ಹೊತ್ತಿಗೆ ವಿವಿಧ ಭಾರತಿ ಹಾಕು ಅಂದರು. 102.9ರಲ್ಲಿ ಉದ್ಘೋಷಕಿಯ ಮಾತು ಪೂರ್ತಿ ತಿಳಿಯಿತಂತೆ, ಅದಕ್ಕೆ ಹಾಡಿಗಿಂತ ಜಾಸ್ತಿ ಖುಷಿ.

ಹೊಸಕೋಟೆಗೆ ಬರುವಷ್ಟರಲ್ಲಿ ಬೆಳಗಿನ ಜಾವದ ಬಿರಿಯಾನಿ ಸಾಲು ಕರಗಿ, ಕೆರೆಯ ಏರಿ ಮೇಲೆ ಬಿಸಿಲು ಬಂದಿತ್ತು. ಅತ್ತೆಯ ಮನೆಯಲ್ಲಿ ಹತ್ತು ಜನ, ಟಿವಿ, ಕುಕ್ಕರ್. ದೊಡ್ಡಪ್ಪ ಮತ್ತೆ ಮೂಲೆಯ ಕುರ್ಚಿಯಲ್ಲಿ ಎಲ್ಲದಕ್ಕೂ "ಹೂಂ, ಹೂಂ" ಅಂತ ತಲೆ ಆಡಿಸುತ್ತಾ ಕೂತರು. ಅತ್ತೆ ಕಾಫಿ ಬೇಕಾ ಅಂತ ಕೇಳಿದ್ದಕ್ಕೂ "ಚೆನ್ನಾಗಿದ್ದಾನೆ" ಅಂದರು. ಕಾರಿನಲ್ಲಿ ಮಾಡಿದ ಹೊಂದಾಣಿಕೆ ಕಾರಿನಲ್ಲೇ ಉಳಿಯುತ್ತದೆ. ಅವರ ಕಿವಿಗೆ ಎಲ್ಲಿ ಎಷ್ಟು ಬೇಕು ಅಂತ ಅಳೆದು ಹೊಂದಿಸುವ ಯಂತ್ರ ಬೇರೆ ಇದೆ, ಅದಕ್ಕೆ ಮೊದಲು ಪರೀಕ್ಷೆ ಆಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರೋಣ ಅಂತ ವಾಪಸ್ ಬರುವಾಗ ಕಾರಿನಲ್ಲೇ ಕೇಳಿದೆ, ಅಲ್ಲಾದರೆ ಕೇಳಿಸಲಿಲ್ಲ ಅನ್ನೋ ಹಾಗಿಲ್ಲವಲ್ಲ. ಘಾಟಿ ದನಗಳ ಜಾತ್ರೆ ಮುಗೀಲಿ ಅಂದಿದ್ದಾರೆ.