ಕಡೆಯುವುದು

ಮಜ್ಜಿಗೆಯನ್ನು ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ನಮ್ಮ ಹಿರಿಯರು ಎರಡಕ್ಕೂ ಒಂದೇ ಧಾತುವನ್ನು ಬಳಸಿದ್ದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ. ಕಡಗೋಲಿನಂತೆಯೇ ಹಿಂದಿನ ಕಾಲದ ಬಡಗಿಯೂ ಮರದ ತುಂಡಿಗೆ ಹಗ್ಗ ಸುತ್ತಿ ಎಳೆದು ತಿರುಗಿಸುತ್ತಿದ್ದ. ಬೇಲೂರಿನ ದೇಗುಲದ ಕಂಬಗಳ ಮೈಮೇಲಿನ ಉಂಗುರಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಹೊಳೆಯುತ್ತದೆ.

ನಿವೃತ್ತನಾದ ಮೇಲೆ ಮಳೆಗಾಲದ ಮಧ್ಯಾಹ್ನಗಳನ್ನು ನಾನು ಹೊನ್ನಾವರದ ಒಂದು ಲೇತ್ ಅಂಗಡಿಯಲ್ಲಿ ಕಳೆಯುವುದುಂಟು. ವ್ಯಾಕರಣ ಕಲಿಸಿದವನಿಗೆ ಕಬ್ಬಿಣದ ನಡುವೆ ಏನು ಕೆಲಸವೆಂದು ಮನೆಯವರು ನಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳ ಮೀನುಗಾರರಿಗೆ ಆ 61 ದಿನಗಳೇ ದುರಸ್ತಿಯ ಕಾಲ. ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ಒಯ್ಯುವ ಉಕ್ಕಿನ ಶಾಫ್ಟ್ ಸವೆದಿದ್ದರೆ ಹೊಸದನ್ನು ಕಡೆಸಬೇಕು. ಅದು ಕೂದಲೆಳೆಯಷ್ಟು ಓಲಾಡಿದರೂ ದೋಣಿ ನಡುಗುತ್ತದೆ. ಶಾಫ್ಟ್ ಹೊರಹೋಗುವ ಸಂದಿನಲ್ಲಿ ನೀರು ಜಿನುಗುತ್ತದೆ.

ಲೇತಿನ ಉಳಿಯ ಮೊನೆ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಚಕ್ಕುಲಿಯ ಅಚ್ಚಿನಲ್ಲಿ ಚಕ್ಕುಲಿಯ ಮೈ ಅಡಗಿರುವಂತೆ ಅದರಲ್ಲಿ ಶಾಫ್ಟಿನ ಆಕಾರ ಅಡಗಿಲ್ಲ. ಹಾಗಾದರೆ ಆಕಾರ ಎಲ್ಲಿಂದ ಬಂತು? ಎರಡು ಚಲನೆಗಳ ಕೂಟದಿಂದ. ಉಕ್ಕು ತನ್ನ ಅಕ್ಷದ ಸುತ್ತ ತಿರುಗುತ್ತದೆ. ಉಳಿ ಆ ಅಕ್ಷಕ್ಕೆ ಸಮಾಂತರವಾಗಿ ಸರಿಯುತ್ತದೆ. ನೀವು ರೇಖಾಗಣಿತದಲ್ಲಿ ಓದುವ ಸಿಲಿಂಡರ್ ಕಣ್ಣೆದುರಿಗೆ ಮೂಡುತ್ತದೆ. ಉಳಿಯ ದಾರಿ ತುಸು ಓರೆಯಾದರೆ ಶಂಕುವಿನ ಮೈ. ಪ್ರೊಪೆಲ್ಲರ್ ಬಿಗಿಯಾಗಿ ಕೂರುವ ತುದಿ ಅದು. ಅಕ್ಷಕ್ಕೆ ಲಂಬವಾಗಿ ಸರಿದರೆ ಸಮತಲ.

ಇದಕ್ಕಿಂತ ಸೋಜಿಗದ್ದು ತಿರುಪಿನ ಸಂಗತಿ. ಒಂದು ಸುತ್ತಿಗೆ ಉಳಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸರಿದರೆ ಮೈ ನುಣುಪಾಗುತ್ತದೆ. ಮೊನಚಾದ ಉಳಿ ಹೂಡಿ, ಸುತ್ತಿಗೆ ಎರಡು ಮಿಲಿಮೀಟರು ಸರಿಸುತ್ತ, ಅದೇ ಜಾಡಿನಲ್ಲಿ ಮತ್ತೆ ಮತ್ತೆ ಕಡೆದರೆ ನಟ್ಟು ಹಿಡಿಯುವ ತಿರುಪಿನ ಎಳೆಗಳು ಏಳುತ್ತವೆ. ನಿಜ ನೋಡಿದರೆ ನುಣುಪಾದ ಮೈಯೂ ಅತಿ ಸೂಕ್ಷ್ಮವಾದೊಂದು ತಿರುಪೇ! 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಈ ಎರಡು ಚಲನೆಗಳನ್ನು ಹಲ್ಲುಗಾಲಿಗಳಿಂದ ಬಿಗಿದು, ಒಂದೇ ಅಳತೆಯ ತಿರುಪುಗಳನ್ನು ಕಡೆದು ತೋರಿಸಿದ. ನಮ್ಮ ಸೀಮೆಯ ಗುಡಿಗಾರರು ಶ್ರೀಗಂಧವನ್ನು ಕೆತ್ತುವಾಗ ಇಂಥ ಕಟ್ಟಿಲ್ಲ. ಅಲ್ಲಿ ಚಲನೆಯೆಲ್ಲ ಕೈಯದು, ಆಕಾರವೆಲ್ಲ ಮನಸ್ಸಿನದು. ಯಾವುದು ಹಿರಿದೆಂದು ಕೇಳುವುದೇ ತಪ್ಪು.

ಕಳೆದ ಜುಲೈ ಕೊನೆಯಲ್ಲಿ ಒಂದು ತುದಿ ಮುಗಿದ ಶಾಫ್ಟನ್ನು ತಿರುವಿ ಕಟ್ಟಿದ್ದರು. ಡಯಲ್ ಗೇಜಿನ ಮುಳ್ಳು ಅಲುಗಿತು.

“ಕೂತದ್ದು ಸರಿ ಇಲ್ಲ, ಮಾಸ್ತರೇ. ಹೀಗೇ ಕಡೆದರೆ ಈ ತುದಿಗೊಂದು ಅಕ್ಷ, ಆ ತುದಿಗೊಂದು ಅಕ್ಷ ಆಗ್ತದೆ” ಎಂದ ಕೆಲಸಗಾರ.

ಬಿಚ್ಚಿ ಮತ್ತೆ ಕಟ್ಟಿ, ಮುಳ್ಳು ನಿಲ್ಲುವಷ್ಟರಲ್ಲಿ ಕತ್ತಲಾಯಿತು. ದೋಣಿಯ ಯಜಮಾನ ಅಷ್ಟು ಹೊತ್ತೂ ಬಾಗಿಲಲ್ಲಿ ಮಳೆ ನೋಡುತ್ತ ನಿಂತಿದ್ದ. ಬೇಗ ಮುಗಿಸೆಂದು ಒಂದು ಮಾತೂ ಆಡಲಿಲ್ಲ.